ಗಾಜು ಕೂರಿಸುವ ಮುಂಚೆ ಒಂದು ಲೈಟರ್ ಹಚ್ಚಿ ನೋಡಿ

ಬೆಂಗಳೂರಿನಲ್ಲಿ ಸಣ್ಣದೊಂದು ಆಫೀಸ್ ಕಟ್ಟಡ ಕಟ್ಟಿಸಿದೆ. ಮೂರು ಮಹಡಿ, ಪಶ್ಚಿಮಕ್ಕೆ ರಸ್ತೆ. ಮುಂಭಾಗ ಪೂರ್ತಿ ಗಾಜೇ ಇರಲಿ ಅಂತ ಹಟ ಹಿಡಿದವನು ನಾನೇ. ಆ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಕೊಟೇಶನ್‌ನಲ್ಲಿ ‘ಡಬಲ್ ಗ್ಲಾಸ್, ಲೋ-ಇ’ ಎಂದಿತ್ತು. ಲೋ-ಇ ಅಂದರೆ ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಬೆಳ್ಳಿಯ ಲೇಪ ಕೊಟ್ಟಿರುತ್ತಾರೆ. ಬೆಳಕು ಬರುತ್ತದೆ, ಬಿಸಿಲಿನ ಕಾವು ಬಹಳಷ್ಟು ಹೊರಗೇ ಉಳಿಯುತ್ತದೆ. "ಕಡುನೀಲಿ ಕನ್ನಡಿ ಗಾಜೆಲ್ಲ ಹಳೇದಾಯ್ತು ಸಾರ್, ಈಗ ತಿಳಿ ಗಾಜೇ ಟ್ರೆಂಡ್" ಎಂದ ಕಂಟ್ರಾಕ್ಟರ್. ಆ ಮಾತು ಸುಳ್ಳೇನಲ್ಲ. ಮೋಸ ಮಾಡೋಕೂ ಅದೇ ಅನುಕೂಲ ಆಯಿತು ಅಷ್ಟೇ.

ಮಾರ್ಚ್ ಬಂತು. ಮೂರು ಗಂಟೆಯ ಮೇಲೆ ಗಾಜಿನ ಪಕ್ಕದ ಸಾಲಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಎಸಿ 18ಕ್ಕೆ ಇಟ್ಟರೂ ಬೆನ್ನು ಸುಡುತ್ತಿತ್ತು. ಫೋನ್ ಮಾಡಿದರೆ, ಒಳಗಡೆ ಸನ್ ಫಿಲ್ಮ್ ಅಂಟಿಸಿ ಎಂದ. ಅಂಟಿಸಿದೆವು. ಆಮೇಲೆ ಗಾಜು ಮುಟ್ಟಿದರೆ ಕಾದ ಹೆಂಚು! ಎರಡೇ ವಾರಕ್ಕೆ ಒಂದು ಗಾಜು ಅಂಚಿನಿಂದ ಬಿರುಕು ಬಿಟ್ಟಿತು. ಯಾರೂ ಕಲ್ಲು ಹೊಡೆದಿರಲಿಲ್ಲ. ಫಿಲ್ಮ್‌ನಿಂದ ನಡುಭಾಗ ಕಾಯುತ್ತದೆ, ಫ್ರೇಮ್‌ನೊಳಗೆ ಕೂತ ಅಂಚು ತಣ್ಣಗಿರುತ್ತದೆ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಅಲ್ಲದ ಗಾಜು ಆ ಎಳೆತ ತಾಳುವುದಿಲ್ಲ.

ಬದಲಾಯಿಸಲು ಬಂದ ಹಿರಿಯ ಕೆಲಸಗಾರರೊಬ್ಬರು, ಫಿಲ್ಮ್ ಇಲ್ಲದ ಮೆಟ್ಟಿಲ ಕಡೆಯ ಗಾಜಿನ ಮುಂದೆ ಬೀಡಿ ಲೈಟರ್ ಹಚ್ಚಿ ಹಿಡಿದರು. "ಒಳಗೆ ಎಷ್ಟು ದೀಪ ಕಾಣುತ್ತೆ, ಎಣಿಸಿ" ಎಂದರು. ಎರಡು ಗಾಜು, ನಾಲ್ಕು ಮೈ, ನಾಲ್ಕು ದೀಪ. ನಿಜವಾದ ಲೋ-ಇ ಆದರೆ ಅದರಲ್ಲಿ ಒಂದರ ಬಣ್ಣ ಬೇರೆ ಕಾಣಬೇಕಂತೆ. ನಮ್ಮ ನಾಲ್ಕೂ ಒಂದೇ ಹಳದಿ. ಬರೀ ಸಾದಾ ಗಾಜು!

ಆಮೇಲೆ ಕೂತು ಓದಿದೆ. ನೋಡಬೇಕಾದ ಅಂಕಿ ಎಸ್‌ಎಚ್‌ಜಿಸಿ. ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಅನ್ನೋ ಲೆಕ್ಕ ಅದು. ಸಾದಾ ಡಬಲ್ ಗಾಜಿನಲ್ಲಿ ಸುಮಾರು 0.7. ಕಟ್ಟಡಗಳಲ್ಲಿ ವಿದ್ಯುತ್ ಉಳಿಸಲು ಕೇಂದ್ರ ತಂದ 2017ರ ಇಸಿಬಿಸಿ ನಿಯಮ ಪಶ್ಚಿಮದ ಗಾಜಿಗೆ ನಮ್ಮ ಹವೆಯಲ್ಲಿ ಹೇಳಿದ ಮಿತಿ 0.27. ನಿಯಮ ಇರುವುದು ವಿದ್ಯುತ್ ಲೋಡ್ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿರುವ ದೊಡ್ಡ ಕಟ್ಟಡಗಳಿಗೆ, ನಮ್ಮಂಥವರನ್ನು ಕೇಳೋರಿಲ್ಲ. ಅದಕ್ಕೇ ಕೊಟೇಶನ್‌ನಲ್ಲಿ ಬರೀ ‘ಲೋ-ಇ’ ಎಂದಿದ್ದರೆ ಒಪ್ಪಬೇಡಿ. ಈ ಅಂಕಿ ಬರೆಸಿಕೊಳ್ಳಿ, ಗಾಜಿನ ಕಂಪನಿಯ ಬಿಲ್ಲನ್ನೂ ಕೇಳಿ. ಲಾರಿಯಿಂದ ಇಳಿಸಿದ ದಿನವೇ ಲೈಟರ್ ಹಿಡಿದು ನೋಡಿ. ಕೂರಿಸಿ ಸಿಲಿಕಾನ್ ಹೊಡೆದ ಮೇಲೆ ಜಗಳ ಆಡಿ ಉಪಯೋಗ ಇಲ್ಲ, ನಾನು ಆಡಿ ನೋಡಿದ್ದೇನೆ.

ಎಲ್ಲ ಗಾಜು ಬದಲಿಸುವಷ್ಟು ದುಡ್ಡು ಈಗ ಇಲ್ಲ. ಫಿಲ್ಮ್ ಕಿತ್ತುಹಾಕಿ, ಹೊರಗಡೆ ಬಿದಿರಿನ ಚಾಪೆ ಇಳಿಬಿಟ್ಟಿದ್ದೇವೆ. ಸೆಖೆ ಎಷ್ಟೋ ವಾಸಿ. ರಸ್ತೆಯಿಂದ ನೋಡಿದರೆ ಗಾಜು ಮಾತ್ರ ಕಾಣಿಸುತ್ತಿಲ್ಲ.