ಬಲಗೈಗೆ ಜಾಗ ಬಿಟ್ಟುಕೊಟ್ಟ ಮ್ಯಾಂಡೊಲಿನ್

ಮ್ಯಾಂಡೊಲಿನ್ ಕೊಳ್ಳುವವರು ಮರ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಫ್ರೆಟ್‌ಗಳ, ಅಂದರೆ ಸ್ವರಸ್ಥಾನ ತೋರುವ ಲೋಹದ ಪಟ್ಟಿಗಳ, ಮೇಲೆ ಎಡಗೈ ಓಡಿಸಿ ನೋಡುತ್ತಾರೆ. ಬಲಗೈಗೆ ಎಲ್ಲೆಲ್ಲಿ ಮೀಟಲು ಜಾಗವಿದೆ ಎಂದು ಪರೀಕ್ಷಿಸುವವರು ಕಡಿಮೆ. ನಾನು ಈ ವಾದ್ಯವನ್ನು ಆರಿಸಿಕೊಂಡದ್ದೇ ಆ ಕಾರಣಕ್ಕೆ. ಆದ್ದರಿಂದ ಕೆತ್ತನೆ, ಹೊಳಪು, ಸುರುಳಿಯ ಅಂದದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅವೆಲ್ಲ ಚೆನ್ನಾಗಿಯೇ ಇವೆ.

ಇದು ಎಫ್-5 ಮಾದರಿಯದು, ಒಬ್ಬರೇ ಕುಳಿತು ಕೈಯಿಂದ ಮಾಡಿದ ವಾದ್ಯ. ಮೇಲ್ಹಲಗೆ ಸ್ಪ್ರೂಸ್, ಹಿಂಬದಿ ಮತ್ತು ಪಕ್ಕಗಳು ಮೇಪಲ್, ಬೆರಳೊತ್ತುವ ಪಟ್ಟಿಯಾದ ಫಿಂಗರ್‌ಬೋರ್ಡ್ ಎಬೊನಿ. ಫಿಂಗರ್‌ಬೋರ್ಡಿನ ಮೇಲ್ತುದಿಯ ನಟ್‌ನಿಂದ ಮೇಲ್ಹಲಗೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯವರೆಗೆ ತಂತಿಯ ಉದ್ದ 352 ಮಿಲಿಮೀಟರ್. ಗಿಬ್ಸನ್ ಕಂಪನಿ 1922ರಲ್ಲಿ ತಂದ ಎಫ್-5ರಲ್ಲಿ ಫಿಂಗರ್‌ಬೋರ್ಡಿನ ತುದಿ ಮೇಲ್ಹಲಗೆಯ ಮೇಲೆ ಚಾಚಿಕೊಂಡು 29ನೇ ಫ್ರೆಟ್‌ವರೆಗೂ ಹೋಗುತ್ತದೆ. ಅಲ್ಲಿಯವರೆಗೆ ಬೆರಳು ಒಯ್ದು ನುಡಿಸುವವರನ್ನು ನಾನು ನೋಡಿಲ್ಲ. ನನ್ನ ವಾದ್ಯದಲ್ಲಿ 20ನೇ ಫ್ರೆಟ್ ದಾಟಿದ ಮೇಲೆ ಫ್ರೆಟ್‌ಗಳೇ ಇಲ್ಲ. ಅಲ್ಲಿಂದ ಮುಂದಿನ ಮರವನ್ನು ತಂತಿ ಮೀಟುವ ಪಿಕ್‌ನ ತುದಿಗೆ ತಗಲದಷ್ಟು ಆಳಕ್ಕೆ ಕೆತ್ತಿ ತಗ್ಗಿಸಿದ್ದಾರೆ.

ಇಷ್ಟು ಸಣ್ಣ ಕೆತ್ತನೆಯಿಂದ ಏನು ಲಾಭ ಎಂಬುದು ಅಳತೆಪಟ್ಟಿ ಹಿಡಿದರೆ ತಿಳಿಯುತ್ತದೆ. ಈ ಉದ್ದದ ತಂತಿಯಲ್ಲಿ 20ನೇ ಫ್ರೆಟ್ ಕುದುರೆಯಿಂದ 111 ಮಿಲಿಮೀಟರ್ ದೂರದಲ್ಲಿದೆ. 29ನೆಯದು ಇದ್ದಿದ್ದರೆ 66 ಮಿಲಿಮೀಟರ್ ದೂರದಲ್ಲಿರುತ್ತಿತ್ತು. ತಂತಿಯ ಕಾಲು ಭಾಗ, ಅಂದರೆ 88 ಮಿಲಿಮೀಟರ್, ಈ ಎರಡರ ನಡುವೆಯೇ ಬೀಳುತ್ತದೆ. ಮ್ಯಾಂಡೊಲಿನ್ನಿನ ನಾದ ಅತ್ಯಂತ ತುಂಬಿಕೊಂಡು ಕೇಳುವುದು ನನ್ನ ಕಿವಿಗೆ ಅಲ್ಲಿಯೇ. ಚಾಚಿದ ಫಿಂಗರ್‌ಬೋರ್ಡ್ ಇರುವ ವಾದ್ಯದಲ್ಲಿ ಆ ಜಾಗದಲ್ಲಿ ಸ್ವಲ್ಪ ಆಳವಾಗಿ ಮೀಟಿದರೂ ಪಿಕ್ ಮರಕ್ಕೋ ಫ್ರೆಟ್‌ಗೋ ತಗಲಿ ಟಿಕ್ ಟಿಕ್ ಎನ್ನುತ್ತದೆ. ಕೈ ತಾನಾಗಿ ಕುದುರೆಯ ಕಡೆಗೆ ಸರಿಯುತ್ತದೆ, ನಾದ ತೆಳುವಾಗುತ್ತದೆ. ಆಮೇಲೆ ನುಡಿಸುವವರು ತಂತಿಯನ್ನು ದೂರುತ್ತಾರೆ, ಪಿಕ್ ಬದಲಿಸುತ್ತಾರೆ.

ಮೀಟುವ ಜಾಗದಿಂದ ನಾದ ಬದಲಾಗಲು ಕಾರಣ ಸರಳವಾಗಿದೆ. ತಂತಿಯೊಂದು ಮಿಡಿದಾಗ ಮೂಲಸ್ವರದ ಜೊತೆಗೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಾಂಕದ ಉಪಸ್ವರಗಳೂ ಏಳುತ್ತವೆ. ಯಾವ ಬಿಂದುವಿನಲ್ಲಿ ಒಂದು ಉಪಸ್ವರ ಅಲುಗಾಡದೆ ನಿಂತಿರುತ್ತದೆಯೋ ಅಲ್ಲಿ ಮೀಟಿದರೆ ಆ ಉಪಸ್ವರ ಏಳುವುದೇ ಇಲ್ಲ. ತಂತಿಯ ನಟ್ಟನಡುವೆ, 12ನೇ ಫ್ರೆಟ್ ಮೇಲೆ ಮೀಟಿ ನೋಡಿ: ಸಮಸಂಖ್ಯೆಯ ಉಪಸ್ವರಗಳು ಅಡಗಿ ಧ್ವನಿ ಪೊಳ್ಳಾಗಿ, ಕೊಳಲಿಗೆ ಹತ್ತಿರವಾಗಿ ಕೇಳುತ್ತದೆ. ಕಾಲು ಭಾಗದಲ್ಲಿ ನಾಲ್ಕನೆಯದು, ಎಂಟನೆಯದು ಮರೆಯಾಗುತ್ತವೆ, ಉಳಿದವು ಗಟ್ಟಿಯಾಗಿ ನಿಲ್ಲುತ್ತವೆ. ಐದನೇ ಒಂದು ಭಾಗದಲ್ಲಿ, ಅಂದರೆ 70 ಮಿಲಿಮೀಟರ್ ದೂರದಲ್ಲಿ, ಸೊರಗುವುದು ಐದನೇ ಉಪಸ್ವರ. ತಂಬೂರಿಯಲ್ಲಿ ತಾನಾಗಿ ಕೇಳಿಸುವ ಸ್ವಯಂಭೂ ಗಾಂಧಾರ ಇದೇ. ಇನ್ನೂ ಕುದುರೆಯ ಹತ್ತಿರ ಹೋದಂತೆ ಮೂಲಸ್ವರದ ತೂಕ ಇಳಿದು, ಎತ್ತರದ ಉಪಸ್ವರಗಳು ಮುಂದೆ ಬಂದು ನಾದ ಹರಿತವಾಗುತ್ತದೆ. ತಂತಿಯೂ ಅಲ್ಲಿ ಪಿಕ್‌ಗೆ ಬಿಗಿಯಾಗಿ ಸಿಗುತ್ತದೆ.

ಆದರೆ ಇವೆಲ್ಲ ಬೆರಳೊತ್ತದ ಬಿಡಿ ತಂತಿಯ ಲೆಕ್ಕ. ಎಡಗೈ ಮೇಲೇರಿದಂತೆ ನುಡಿಯುವ ತಂತಿ ಗಿಡ್ಡವಾಗುತ್ತದೆ, ಅನುಪಾತವೇ ಬದಲಾಗುತ್ತದೆ. ಬಲಗೈಯನ್ನು ಕುದುರೆಯಿಂದ 80 ಮಿಲಿಮೀಟರಿನಲ್ಲಿ ಕದಲದಂತೆ ಇಟ್ಟು ಎ ತಂತಿಯ ಮೇಲೆ ಏರುತ್ತಾ ಹೋಗಿ. ಬಿಡಿ ತಂತಿಯಲ್ಲಿ ನೀವು ಕಾಲು ಭಾಗಕ್ಕಿಂತ ತುಸು ಈಚೆ ಮೀಟುತ್ತಿರುತ್ತೀರಿ. 7ನೇ ಫ್ರೆಟ್ ಒತ್ತಿದಾಗ ಅದೇ ಜಾಗ ಹೆಚ್ಚುಕಡಿಮೆ ಮೂರನೇ ಒಂದು ಭಾಗವಾಗಿರುತ್ತದೆ. 12ನೆಯದಕ್ಕೆ ಬಂದಾಗ ಉಳಿದ ತಂತಿ 176 ಮಿಲಿಮೀಟರ್, ನಿಮ್ಮ ಪಿಕ್ ಅದರ ನಡುಭಾಗಕ್ಕೆ ಬಂದು ಬಿಟ್ಟಿರುತ್ತದೆ. ಒಂದೇ ಪಲುಕು ಕೆಳಗೆ ಹೊಳೆಯುತ್ತಿದ್ದುದು ಮೇಲೆ ಮಂಕಾಗಿ ಕೇಳುವುದಕ್ಕೆ ಇದೂ ಒಂದು ಕಾರಣ. ಮೊದಲಿನ ಬಣ್ಣವೇ ಬೇಕೆಂದರೆ ಬಲಗೈ 40 ಮಿಲಿಮೀಟರಿಗೆ ಇಳಿಯಬೇಕು. ಎಡಗೈಯೊಂದಿಗೆ ಬಲಗೈಯನ್ನೂ ನಡೆಸುವ ಈ ಅಭ್ಯಾಸವನ್ನು ಯಾವ ಪಾಠದಲ್ಲೂ ಮೊದಲಿಗೇ ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಮ್ಯಾಂಡೊಲಿನ್ ಗೆಲ್ಲುವುದು ಇಲ್ಲಿಯೇ. 110ರಿಂದ 40 ಮಿಲಿಮೀಟರಿನವರೆಗೆ ಕೈ ಎಲ್ಲೂ ತಡೆಯಿಲ್ಲದೆ ಓಡಾಡುತ್ತದೆ. ಕುದುರೆಯಿಂದ ದೂರದ ತುದಿಯಲ್ಲಿ ಅತಿ ಕೆಳಸ್ವರದ ಜಿ ತಂತಿಗಳು ದುಂಡಗೆ, ಮೆತ್ತಗೆ ನುಡಿಯುತ್ತವೆ. ವಿಳಂಬದ ಪಲುಕಿಗೆ ಅದು ಸೊಗಸು, ವೇಗದಲ್ಲಿ ಮಾತ್ರ ಸ್ವರಗಳು ಒಂದರೊಳಗೊಂದು ಕರಗಿಹೋಗುತ್ತವೆ. ಕುದುರೆಯ ಬಳಿ ಅತಿ ಮೇಲುಸ್ವರದ ಇ ತಂತಿಗಳು ಹರಿತವಾದರೂ ಒಳಗಿನ ತಿರುಳು ಉಳಿಯುತ್ತದೆ, ತಗಡಿನ ಸದ್ದು ಬರುವುದಿಲ್ಲ. ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವ ಟ್ರೆಮೊಲೊಗೆ ನಾನು ನಿಲ್ಲುವುದು 75ರ ಆಸುಪಾಸಿನಲ್ಲಿ. ಅದಕ್ಕಿಂತ ಹಿಂದೆ ಹೋದರೆ ತಂತಿ ಹೆಚ್ಚು ತೂಗಾಡಿ ಪಿಕ್ ಸಿಕ್ಕಿಕೊಳ್ಳುತ್ತದೆ. ಸ್ವರ ಏರಿಸುತ್ತಾ ಕೈಯನ್ನು ಕುದುರೆಯತ್ತ ಜಾರಿಸಿದರೆ ಒಂದೇ ಉಸಿರಿನಲ್ಲಿ ನಾದ ಅರಳುವುದನ್ನು ಕೇಳಬಹುದು. ಆ ಸಂತೋಷಕ್ಕಾಗಿಯೇ ನಾನು ಪ್ರತಿದಿನ ಇದನ್ನು ಕೈಗೆತ್ತಿಕೊಳ್ಳುತ್ತೇನೆ.

ಕೊರತೆಗಳೂ ಇವೆ. ಕುದುರೆಯ ಆಚೆ, ತಂತಿಯ ತುದಿ ಸಿಕ್ಕಿಸುವ ಟೇಲ್‌ಪೀಸ್‌ವರೆಗಿನ ತಂತಿಯ ತುಂಡುಗಳು ತಾವಾಗಿ ಗುಯ್‌ಗುಡುತ್ತವೆ. ಹತ್ತಿರದಲ್ಲಿ ಮೀಟಿದಾಗ ಇನ್ನೂ ಜಾಸ್ತಿ. ನಡುವೆ ಚರ್ಮದ ಪಟ್ಟಿಯೊಂದನ್ನು ಹೆಣೆದ ಮೇಲೆ ಶಾಂತವಾಯಿತು. ಜೊತೆಗೆ ಬಂದ ಫಿಂಗರ್‌ರೆಸ್ಟ್ ಕಿರುಬೆರಳಿಗೆ ಒಂದೇ ಜಾಗದಲ್ಲಿ ಆಸರೆ ಕೊಟ್ಟು ಕೈಯನ್ನು ಕಟ್ಟಿಹಾಕುತ್ತಿತ್ತು, ಅದನ್ನು ಬಿಚ್ಚಿಟ್ಟಿದ್ದೇನೆ. ಕುದುರೆ ಮೇಲ್ಹಲಗೆಗೆ ಅಂಟಿಲ್ಲ, ತಂತಿಯ ಒತ್ತಡದಿಂದಷ್ಟೇ ನಿಂತಿರುತ್ತದೆ. ಹಾಗಾಗಿ ತಂತಿ ಬದಲಿಸುವಾಗ ಎಂಟನ್ನೂ ಒಟ್ಟಿಗೆ ಬಿಚ್ಚದೆ ಒಂದೊಂದಾಗಿ ಬದಲಿಸಬೇಕು.

ರಾಗವನ್ನೋ ಹಾಡಿನ ಸಾಲನ್ನೋ ಎಳೆಎಳೆಯಾಗಿ ನುಡಿಸುವವರಿಗೆ ಈ ಕೆತ್ತಿದ ತುದಿಯ ವಾದ್ಯವನ್ನು ಧೈರ್ಯವಾಗಿ ಹೇಳುತ್ತೇನೆ. ತಾಳಕ್ಕೆ ಕಾರ್ಡ್‌ಗಳನ್ನು ಕತ್ತರಿಸಿ ಬಾರಿಸುವುದೇ ಮುಖ್ಯ ಕೆಲಸವಾಗಿದ್ದರೆ ಇದರ ಪ್ರಯೋಜನ ಅಷ್ಟಾಗಿ ಕಾಣದು. ಚಾಚಿದ ತುದಿಯ ವಾದ್ಯ ಈಗಾಗಲೇ ಇದ್ದರೆ ಅನುಭವಿ ಕುಶಲಕರ್ಮಿಯ ಬಳಿ ಆ ಫ್ರೆಟ್‌ಗಳನ್ನು ತೆಗೆಸಿ ಮರವನ್ನು ತಗ್ಗಿಸಿಕೊಳ್ಳಬಹುದು. ಹಳೆಯ, ಬೆಲೆಬಾಳುವ ವಾದ್ಯಕ್ಕೆ ಮಾತ್ರ ಉಳಿ ತಾಗಿಸಬೇಡಿ.