ಚಂದಾವರ್ಕರರ ಮೌನವನ್ನು ಉಳಿಸಿಕೊಟ್ಟ ಅಂಗಡಿ

ಪುಣೆಯ ಟಿಳಕ್ ರಸ್ತೆಯಿಂದ ಸದಾಶಿವ ಪೇಠೆಯೊಳಕ್ಕೆ ಹೊರಳುವ ಓಣಿಯೊಂದರಲ್ಲಿ, ಹಳೆಯ ವಾಡೆಯ ನೆಲಮಹಡಿಯಲ್ಲಿ, ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ಇಳಿಸಿಕೊಡುವ ಒಂದು ಅಂಗಡಿಯಿದೆ. ಅದಕ್ಕೆ ನಾಮಫಲಕವಿಲ್ಲ. ಒಳಗೆ ನಾಲ್ಕು ವಿಡಿಯೋ ಪ್ಲೇಯರ್‌ಗಳು, ಒಂದು ಸ್ಪೂಲ್ ಯಂತ್ರ, ಎರಡು ಕಂಪ್ಯೂಟರ್‌ಗಳು ಮತ್ತು ಅವುಗಳ ನಡುವೆ ಹೆಚ್ಚು ಮಾತನಾಡದ ಒಬ್ಬ ಹಿರಿಯರು. ಮದುವೆಯ ಕ್ಯಾಸೆಟ್‌ಗಳೇ ಅವರ ಮುಖ್ಯ ವ್ಯವಹಾರ. ನಾನು ಕೊಂಡೊಯ್ದದ್ದು ಮಾತ್ರ ನನ್ನ ತಂದೆ ದೂರದರ್ಶನದಿಂದ ಮುದ್ರಿಸಿಟ್ಟಿದ್ದ ‘ಒಂದಾನೊಂದು ಕಾಲದಲ್ಲಿ’. ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳು ಭಾನುವಾರ ಮಧ್ಯಾಹ್ನ ಪ್ರಸಾರವಾಗುತ್ತಿದ್ದ ದಿನಗಳಲ್ಲಿ, ಪುಣೆಯಲ್ಲಿದ್ದ ನಮ್ಮಂಥ ಕನ್ನಡ ಮನೆಗಳಿಗೆ ಅದೊಂದು ಹಬ್ಬವೇ ಆಗಿತ್ತು. ಆ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತುವುದು ತಂದೆಯವರ ಹೊಣೆ.

ಆ ಚಿತ್ರವನ್ನು ನಮ್ಮವರು ನೆನೆಯುವುದು ಶಂಕರ್‌ನಾಗ್ ಅವರ ಮೊದಲ ಸಿನಿಮಾ ಎಂದು, ಇಲ್ಲವೇ ಗಿರೀಶ ಕಾರ್ನಾಡರು ಜಪಾನಿನ ನಿರ್ದೇಶಕ ಕುರೊಸಾವಾಗೆ ಸಲ್ಲಿಸಿದ ಗೌರವ ಎಂದು. 1978ರ ಆ ಚಿತ್ರದ ಸಂಗೀತ ಯಾರದು ಎಂದು ಕೇಳಿದರೆ ಸಿನಿಮಾ ಬಲ್ಲವರೂ ಒಂದು ಕ್ಷಣ ತಡವರಿಸುತ್ತಾರೆ. ಅದು ಭಾಸ್ಕರ ಚಂದಾವರ್ಕರರದು. ಕಾರ್ನಾಡ ಮತ್ತು ಬಿ.ವಿ. ಕಾರಂತರ ‘ವಂಶವೃಕ್ಷ’ದ ಸಂಗೀತವೂ ಅವರದೇ. 1936ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ರವಿಶಂಕರರಲ್ಲಿ ಸಿತಾರ್ ಕಲಿತವರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಬಹುಕಾಲ ಪಾಠ ಹೇಳಿದವರು. ಹೊನ್ನಾವರ, ಕುಮಟಾ ಕಡೆಯ ಚಂದಾವರ ಎಂಬ ಊರನ್ನು ಬಲ್ಲ ಉತ್ತರ ಕನ್ನಡದವರಿಗೆ ಅವರ ಮನೆತನದ ಹೆಸರು ಕೇಳಿದಕೂಡಲೇ ಹತ್ತಿರದ್ದೆನಿಸುತ್ತದೆ. ಪುಣೆಯ ಮರಾಠಿಗರಿಗೆ 1972ರ ‘ಘಾಶೀರಾಮ್ ಕೋತವಾಲ್’ ನಾಟಕದ ಸಂಗೀತಗಾರರಾಗಿ ಅವರು ಗೊತ್ತು. ಅವರೇ ಸಂಗೀತ ನೀಡಿದ ಮರಾಠಿಯ ‘ಸಾಮನಾ’ ಚಿತ್ರದಲ್ಲಿ ರವೀಂದ್ರ ಸಾಠೆಯವರು ಹಾಡಿದ, ಯಾರ ಹೆಗಲ ಮೇಲೆ ಯಾರ ಹೊರೆ ಎಂದು ಕೇಳುವ ಗೀತೆಯನ್ನು ಇಂದಿಗೂ ಇಲ್ಲಿನ ರಿಕ್ಷಾ ಚಾಲಕರು ಗುನುಗುತ್ತಾರೆ. ಕನ್ನಡಿಗರಾದ ನಮಗೆ ಅವರು ಸಿಗದೆ ಹೋದದ್ದಕ್ಕೆ ಕಾರಣ ಸರಳ. ನಮ್ಮಲ್ಲಿ ಸಿನಿಮಾ ಸಂಗೀತವೆಂದರೆ ಆಕಾಶವಾಣಿಯಲ್ಲಿ ಬರುವ ಹಾಡು. ಜಿ.ಕೆ. ವೆಂಕಟೇಶರೂ ರಾಜನ್–ನಾಗೇಂದ್ರರೂ ಆ ದಾರಿಯಿಂದ ಮನೆಮನೆಗೆ ಬಂದರು, ಬರಬೇಕಾದವರೇ. ಹಿನ್ನೆಲೆ ಸಂಗೀತದಲ್ಲಿ ತಮ್ಮ ಶಕ್ತಿಯನ್ನೆಲ್ಲ ಇಟ್ಟವರು ಸಿನಿಮಾದ ಜೊತೆಗೇ ಡಬ್ಬಿಯೊಳಗೆ ಉಳಿದರು.

ಚಂದಾವರ್ಕರರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರ ಸಂಗೀತ ತೀರ ಮಿತವ್ಯಯದ್ದು. ವಾದ್ಯವೊಂದು ನುಡಿದು ನಿಂತ ಮೇಲೆ ಉಳಿಯುವ ಅನುರಣನ, ಅದು ಆರಿದ ಮೇಲಿನ ನಿಶ್ಶಬ್ದ, ಆ ನಿಶ್ಶಬ್ದದೊಳಕ್ಕೆ ನುಗ್ಗುವ ಕಾಡಿನ ಸದ್ದು, ಇವೆಲ್ಲ ಸೇರಿಯೇ ಅವರ ರಚನೆ ಎಂದು ನಾನು ನಂಬಿದ್ದೇನೆ. ಇಂಥ ಸಂಗೀತಕ್ಕೆ ಕೆಟ್ಟ ಪರಿವರ್ತನೆಯಷ್ಟು ದೊಡ್ಡ ಶತ್ರು ಬೇರಿಲ್ಲ. ಎರಡು ವರ್ಷದ ಹಿಂದೆ ಇದೇ ಕ್ಯಾಸೆಟ್ಟನ್ನು ನಗರದ ಬೇರೊಂದು ಕಡೆ ಕೊಟ್ಟಿದ್ದೆ. ಅವರು ‘ಶುದ್ಧ’ ಮಾಡಿಕೊಟ್ಟರು. ಟೇಪಿನ ಸುಯ್ಯೆನ್ನುವ ಸದ್ದಿನ ಒಂದು ತುಣುಕನ್ನು ಮಾದರಿಯಾಗಿ ಹಿಡಿದು, ಅದನ್ನು ಇಡೀ ಧ್ವನಿಯಿಂದ ಕಳೆಯುವ ತಂತ್ರಾಂಶ ಅವರಲ್ಲಿತ್ತು. ಸ್ವರ ಕ್ಷೀಣಿಸುತ್ತ ಹೋದಂತೆ ಅದೂ ಒಂದು ಹಂತದಲ್ಲಿ ಸುಯ್ಯೆನ್ನುವ ಸದ್ದಿಗಿಂತ ಕೆಳಗಿಳಿಯುತ್ತದೆಯಲ್ಲವೇ? ತಂತ್ರಾಂಶಕ್ಕೆ ಎರಡರ ಭೇದ ತಿಳಿಯದೆ ಸ್ವರದ ಬಾಲವನ್ನೂ ಕತ್ತರಿಸಿಹಾಕಿತ್ತು. ಉಳಿದದ್ದು ನೀರಿನೊಳಗಿಂದ ಕೇಳಿದಂಥ ಗುಳುಗುಳು. ಆ ಕಡತವನ್ನು ಕೇಳಿದ ರಾತ್ರಿ ನನಗೆ ನಿಜಕ್ಕೂ ಸಂಕಟವಾಯಿತು.

ಸದಾಶಿವ ಪೇಠೆಯ ಹಿರಿಯರು ಮೊದಲು ಕೇಳಿದ್ದು, ‘ಚಿತ್ರ ಮುಖ್ಯವೋ, ಧ್ವನಿಯೋ?’ ಎಂದು. ಧ್ವನಿ ಎಂದೆ. ಸಾಮಾನ್ಯ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟಿನಲ್ಲಿ ಧ್ವನಿ ಇರುವುದು ಟೇಪಿನ ಅಂಚಿನ ಸುಮಾರು 1 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ. ಟೇಪು ಓಡುವ ವೇಗ ಸೆಕೆಂಡಿಗೆ ಸುಮಾರು 2.34 ಸೆಂಟಿಮೀಟರ್, ಅಂದರೆ ಹಾಡಿನ ಕ್ಯಾಸೆಟ್ಟಿನ ಅರ್ಧದಷ್ಟು. ಆದ್ದರಿಂದ ಧ್ವನಿಯನ್ನು ಓದುವ ಹೆಡ್ಡಿನ ಕೋನ ಕೂದಲೆಳೆಯಷ್ಟು ತಪ್ಪಿದರೂ ಮೇಲಿನ ಸ್ವರಗಳು ಮಂಕಾಗುತ್ತವೆ. ಅವರು ನನ್ನೆದುರೇ ಪ್ಲೇಯರಿನ ಮುಚ್ಚಳ ತೆಗೆದು, ಹೆಡ್‌ಫೋನಿನಲ್ಲಿ ಕೇಳುತ್ತ, ಸಣ್ಣ ತಿರುಪನ್ನು ತಿರುವಿ ಆ ಕ್ಯಾಸೆಟ್ಟಿಗೆ ತಕ್ಕಂತೆ ಕೋನವನ್ನು ಹೊಂದಿಸಿದರು. ಬೇರೆ ಯಾವ ಅಂಗಡಿಯಲ್ಲಿಯೂ ನಾನು ಇದನ್ನು ಕಂಡಿರಲಿಲ್ಲ.

ಎರಡನೆಯ ಕೆಲಸ ಇನ್ನೂ ದೊಡ್ಡದು. ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ನಮ್ಮ ಟೀವಿ ಪ್ರಸಾರ ಅದನ್ನು 25ರ ವೇಗದಲ್ಲಿ ಓಡಿಸುತ್ತಿತ್ತು. ಎರಡೂವರೆ ಗಂಟೆಯ ಸಿನಿಮಾ ಆರು ನಿಮಿಷ ಬೇಗ ಮುಗಿಯುವುದಷ್ಟೇ ಅಲ್ಲ, ಶ್ರುತಿಯೂ ಅರ್ಧ ಸ್ವರದ ಮುಕ್ಕಾಲು ಭಾಗಕ್ಕೆ ತುಸು ಕಡಿಮೆಯಷ್ಟು ಮೇಲೇರುತ್ತದೆ. ನಾವು ಮನೆಯಲ್ಲಿ ಮೂವತ್ತು ವರ್ಷ ಕೇಳಿದ್ದು ಈ ಏರಿದ ಶ್ರುತಿಯನ್ನೇ. ಹಿರಿಯರು ಎರಡು ಕಡತಗಳನ್ನು ಕೊಟ್ಟರು: ಒಂದು ಟೇಪಿನಲ್ಲಿದ್ದಂತೆ, ಇನ್ನೊಂದು 24ಕ್ಕೆ ಇಳಿಸಿದ್ದು. ಎರಡನೆಯದನ್ನು ಹಾಕಿದಾಗ ಚಿತ್ರದ ನಟ ಸುಂದರಕೃಷ್ಣ ಅರಸರ ಕಂಠ ತನ್ನ ತೂಕಕ್ಕೆ ಮರಳಿ ಬಂದು ಕೂತಿತು. ಸಂಗೀತದ ನಡೆಗೂ ಒಂದು ಗಾಂಭೀರ್ಯ ಒದಗಿತು. ಇದುವರೆಗೆ ಅವಸರದ್ದೆಂದು ತೋರುತ್ತಿದ್ದ ಒಂದೆರಡು ಜಾಗಗಳು ಅವಸರದವೇ ಅಲ್ಲವೆಂದು ತಿಳಿಯಿತು. ಟೇಪಿನ ಸುಯ್ಯೆನ್ನುವಿಕೆಯನ್ನು ಅವರು ಮುಟ್ಟಲಿಲ್ಲ. ಗಣೇಶನಗರದ ಕನ್ನಡ ಸಂಘದಿಂದ ಪರಿಚಯವಾದ ಮೂವರು ಗೆಳೆಯರನ್ನು ಕರೆದು ತೋರಿಸಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆ ಸದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಕೊರತೆಗಳಿಲ್ಲವೆಂದಲ್ಲ. ಐದು ದಿನವೆಂದವರು ಒಂಬತ್ತು ದಿನ ತೆಗೆದುಕೊಂಡರು. ಮೊದಲು ಕೊಟ್ಟ ಕಡತದಲ್ಲಿ ಧ್ವನಿ ಎಡಗಡೆಯ ಸ್ಪೀಕರಿನಲ್ಲಿ ಮಾತ್ರ ಬರುತ್ತಿತ್ತು; ಹೇಳಿದಕೂಡಲೇ ಹಣ ಕೇಳದೆ ಸರಿಪಡಿಸಿದರು. ಚಿತ್ರದ ಕೆಳಅಂಚಿನಲ್ಲಿ ನಡುಗುವ ಗೆರೆ ಹಾಗೇ ಇದೆ. ಕ್ಯಾಸೆಟ್ಟೊಂದಕ್ಕೆ 600 ರೂಪಾಯಿ, ಸಂಕುಚಿಸದ ಧ್ವನಿಕಡತ ಬೇಕಾದರೆ ಇನ್ನೂ 150. ಅದನ್ನು ನಾವಾಗಿಯೇ ಕೇಳಬೇಕು, ಅವರು ಹೇಳುವುದಿಲ್ಲ. ಮಾರುವುದಕ್ಕಾಗಿ ಪ್ರತಿ ಮಾಡಿಕೊಡುವುದಿಲ್ಲವೆಂದು ಮೊದಲೇ ಬರೆಸಿಕೊಳ್ಳುತ್ತಾರೆ, ಅದು ನನಗೆ ಮೆಚ್ಚುಗೆಯಾಯಿತು.

ಇದು ಟೀವಿಯಿಂದ ಇಳಿಸಿದ ಬಡ ಪ್ರತಿ ಎಂಬುದನ್ನು ನಾನು ಮರೆತಿಲ್ಲ. 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೇ ಊರಿನ ಲಾ ಕಾಲೇಜ್ ರಸ್ತೆಯಲ್ಲಿದೆ; ಹಳೆಯ ಚಿತ್ರವೊಂದನ್ನು ಫಿಲ್ಮ್ ಪ್ರತಿಯಲ್ಲಿ ದೊಡ್ಡ ಪರದೆಯ ಮೇಲೆ ನೋಡುವ, ಕೇಳುವ ಅವಕಾಶ ಎಲ್ಲಿಯೇ ಸಿಕ್ಕರೂ ಬಿಡಬಾರದು. ಆದರೆ ಮನೆಯ ಕಪಾಟಿನಲ್ಲಿ ಇಂಥ ಕ್ಯಾಸೆಟ್ ಇರುವವರು ಕಾಯುತ್ತ ಕೂರಬೇಡಿ. ಸಂಜೆ ಐದರ ನಂತರ ಹೋಗಿ, ಧ್ವನಿ ಮುಖ್ಯವೆಂದು ಮೊದಲೇ ಹೇಳಿ. ನನ್ನ ‘ವಂಶವೃಕ್ಷ’ದ ಕ್ಯಾಸೆಟ್ ಈಗ ಅವರ ಮೇಜಿನ ಮೇಲಿದೆ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಅದನ್ನು ಒರೆಸಿ ಒಣಗಿಸುವುದಕ್ಕೇ ನಾಲ್ಕು ದಿನ ಬೇಕು, ಆಮೇಲೆ ನೋಡೋಣ ಎಂದಿದ್ದಾರೆ.