ಪ್ರೆಗ್ನೆನ್ಸಿಲಿ ಬಿಳಿ ಹೋಗೋದಕ್ಕೆ ಪ್ಯಾಂಟಿ ಲೈನರಾ (ಒಳಉಡುಪಿಗೆ ಅಂಟಿಸೋ ತೆಳ್ಳನೆ ಪ್ಯಾಡ್), ಬಟ್ಟೆ ಪ್ಯಾಡಾ, ಇಲ್ಲಾ ಬರೀ ಕಾಟನ್ ಒಳಉಡುಪಾ?

ತೆಳ್ಳಗೆ, ಹಾಲಿನ ಬಣ್ಣಕ್ಕೆ, ಕೆಟ್ಟ ವಾಸನೆ ಇಲ್ದೆ ಹೋಗ್ತಿದ್ರೆ ಗಾಬರಿ ಬೇಡ, ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಏರಿರತ್ತಲ್ಲ ಅದಕ್ಕೆ, ತಿಂಗಳು ತುಂಬ್ತಾ ಇನ್ನೂ ಜಾಸ್ತಿನೇ ಆಗತ್ತೆ. ಖರ್ಚು ನೋಡಿದ್ರೆ ಕಾಟನ್ ಒಳಉಡುಪೇ ಸಾಕು, ಗಾಳಿನೂ ಆಡತ್ತೆ, ಆದ್ರೆ ದಿನಕ್ಕೆ ಎರಡ್ಮೂರು ಸಲ ಬದಲಾಯಿಸ್ಬೇಕು, ಮನೇಲಿರೋರಿಗೆ ಸರಿ. ಆಫೀಸು, ಪ್ರಯಾಣ ಅಂದ್ರೆ ಲೈನರ್ ಸುಲಭ, ಸೆಂಟ್ ಇಲ್ದಿರೋದೇ ತಗೊಳ್ಳಿ, ಒದ್ದೆ ಆದ್ಮೇಲೂ ಹಾಗೇ ಬಿಟ್ರೆ ತೊಡೆಸಂದಿ ಉರಿಯತ್ತೆ (ನಂಗೆ ಆಗಿತ್ತು). ಬಟ್ಟೆ ಪ್ಯಾಡ್ ತುಂಬಾ ದಿನ ಬಾಳಿಕೆ ಬರತ್ತೆ, ಮೆತ್ತಗಿರತ್ತೆ, ಲೈನರ್ ಒಗ್ಗದೋರಿಗೆ ವಾಸಿ, ಆದ್ರೆ ಎಂಟನೇ ತಿಂಗಳಲ್ಲಿ ಬಗ್ಗಿ ಒಗೆಯೋರ್ಯಾರು? ಒಳಗೆ ಇಟ್ಕೊಳ್ಳೋ ಟ್ಯಾಂಪೂನ್ ಮಾತ್ರ ಬೇಡ್ವೇ ಬೇಡ. ಹಸಿರು-ಹಳದಿ ಬಣ್ಣ, ಕೆಟ್ಟ ವಾಸನೆ, ತುರಿಕೆ, ಒಡೆದ ಮೊಸರಿನ ತರ, ರಕ್ತ, ಇಲ್ಲಾ ನೀರಿನಂಗೆ ಸೋರಿದ್ರೆ ಲೈನರಾ ಪ್ಯಾಡಾ ಅಂತ ಆರಿಸ್ತಾ ಕೂರ್ಬೇಡಿ, ಡಾಕ್ಟರ್ ಹತ್ರ ಹೋಗಿ.